ಮುಂದಿನ ಗಾಡಿಯ ಸ್ಟಿಕ್ಕರು ಮತ್ತು ನಮ್ಮ ತೀರ್ಪು



ಸುರಂಜನ್ ದಾಸ್ ರಸ್ತೆಯಲ್ಲೋ ಕಗ್ಗದಾಸಪುರದ ರೈಲ್ವೆ ಗೇಟಿನ ಮುಂದೆಯೋ ಕಾದು ನಿಂತ ಅನುಭವ ಸಿ.ವಿ. ರಾಮನ್ ನಗರದವರಿಗೆಲ್ಲ ಇದ್ದೇ ಇದೆ. ಹಾಗೆ ನಿಂತಾಗ ಬೇರೆ ಕೆಲಸವಿರುವುದಿಲ್ಲ. ಕಣ್ಣು ತಾನಾಗಿಯೇ ಮುಂದಿನ ಗಾಡಿಯ ಹಿಂಬದಿಯನ್ನು ಓದತೊಡಗುತ್ತದೆ. ಒಂದು ಕಾರಿನ ಗಾಜಿನ ಮೇಲೆ ಹಳದಿ ಕೆಂಪು ಬಾವುಟ, ಇನ್ನೊಂದರ ಮೇಲೆ ಶಿಲುಬೆ, ಮತ್ತೊಂದರ ಮೇಲೆ 'ಪ್ರೆಸ್', ಆಟೋದ ಬೆನ್ನಿಗೆ ಶಂಕರ್ ನಾಗ್, ಕ್ಯಾಬಿನ ಗಾಜಿಗೆ ಹುಬ್ಬು ಗಂಟಿಕ್ಕಿದ ಹನುಮಂತ. ದಾರಿ ತೆರವಾಗುವಷ್ಟರಲ್ಲಿ ನಾವು ಓದಿ ಮುಗಿಸಿರುವುದಷ್ಟೇ ಅಲ್ಲ, ತೀರ್ಮಾನವನ್ನೂ ಮಾಡಿರುತ್ತೇವೆ: ಇವನು ಜಗಳಗಂಟ, ಇವರು ದೊಡ್ಡ ಮನುಷ್ಯರು, ಇವರು ನಮ್ಮವರು, ಇವನು ನಮ್ಮವನಲ್ಲ. ಮುಖವನ್ನೇ ನೋಡದೆ ಒಬ್ಬ ಮನುಷ್ಯನ ಗುಣವನ್ನು ಇಷ್ಟು ಬೇಗ ನಿರ್ಧರಿಸುವ ಸ್ಥಳ ರಸ್ತೆಯ ಹೊರತು ಬೇರೆ ಇದೆಯೇ?

ಇದು ಚಿಕ್ಕ ವಿಷಯವೆಂದು ನಿಮಗೆ ಅನ್ನಿಸಬಹುದು. ಆದರೆ ದೇವರ ಹತ್ತು ಕಟ್ಟಳೆಗಳಲ್ಲಿ ಎಂಟನೆಯದು ನ್ಯಾಯಾಲಯದ ಸುಳ್ಳುಸಾಕ್ಷಿಗೆ ಮಾತ್ರ ಸಂಬಂಧಿಸಿದ್ದಲ್ಲ. 1992ರ ಕಥೋಲಿಕ ಧರ್ಮೋಪದೇಶ ಗ್ರಂಥವು ಇದೇ ಕಟ್ಟಳೆಯ ಅಡಿಯಲ್ಲಿ (2477, 2478ನೆಯ ಸಂಖ್ಯೆಗಳು) ದುಡುಕಿನ ತೀರ್ಪನ್ನೂ ಸೇರಿಸುತ್ತದೆ. ಸಾಕಷ್ಟು ಆಧಾರವಿಲ್ಲದೆ ನೆರೆಯವನಲ್ಲಿ ದೋಷವಿದೆಯೆಂದು ಮನಸ್ಸಿನೊಳಗೇ ಒಪ್ಪಿಕೊಂಡರೂ ಅದು ತಪ್ಪು. ಬಾಯಿ ಬಿಟ್ಟು ಹೇಳಬೇಕೆಂದೇನೂ ಇಲ್ಲ. ಹಾಗಾದರೆ ಅಂಗೈ ಅಗಲದ ಒಂದು ಸ್ಟಿಕ್ಕರು 'ಸಾಕಷ್ಟು ಆಧಾರ'ವಾಗುತ್ತದೆಯೇ? ಈ ವಾರ ನಾವು ಯೋಚಿಸಬೇಕಾದದ್ದು ಇದನ್ನೇ.

ಮೊದಲು ನಮ್ಮ ಊರಿನ ಆಟೋವನ್ನೇ ತೆಗೆದುಕೊಳ್ಳೋಣ. 1980ರಲ್ಲಿ ತೆರೆಗೆ ಬಂದ 'ಆಟೋ ರಾಜ' ಚಿತ್ರದಲ್ಲಿ ಶಂಕರ್ ನಾಗ್ ಆಟೋ ಚಾಲಕನಾಗಿ ನಟಿಸಿದರು. 1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಸಮೀಪದ ಆನಗೋಡಿನ ಬಳಿ ರಸ್ತೆ ಅಪಘಾತದಲ್ಲಿ ಅವರು ತೀರಿಕೊಂಡಾಗ ಅವರಿಗೆ 36 ವರ್ಷವೂ ತುಂಬಿರಲಿಲ್ಲ. ಆ ಚಿತ್ರ ಬಂದಾಗ ಹುಟ್ಟಿಯೇ ಇರದ ಹುಡುಗರ ಆಟೋಗಳ ಮೇಲೂ ಇಂದು ಅವರ ಮುಖವಿದೆ. ಹಲಸೂರಿನ ಒಬ್ಬ ಅಜ್ಜಿ ಅದನ್ನು ನೋಡಿ 'ನಮ್ಮ ಹುಡುಗ, ಮೀಟರ್ ಹಾಕುತ್ತಾನೆ' ಎಂದುಕೊಳ್ಳಬಹುದು. ಮೊನ್ನೆಯಷ್ಟೇ ಬೇರೆ ರಾಜ್ಯದಿಂದ ಕೆಲಸಕ್ಕೆ ಬಂದ ಯುವಕ ಅದೇ ಚಿತ್ರ ನೋಡಿ 'ನನಗೆ ಕನ್ನಡ ಬರುವುದಿಲ್ಲ, ಇವನು ರೇಗುತ್ತಾನೆ' ಎಂದು ಹಿಂಜರಿಯಬಹುದು. ಚಿತ್ರ ಒಂದೇ, ಓದು ಎರಡು. ಚಾಲಕನಾದರೋ ಇನ್ನೂ ಬಾಯಿಯನ್ನೇ ತೆರೆದಿಲ್ಲ.

ಇನ್ನೂ ಒಂದು ಮಾತು. ಆ ಆಟೋ ಅವನದೇ ಎಂದು ಹೇಳಿದವರಾರು? ಮಾಲೀಕನಿಗೆ ದಿನಬಾಡಿಗೆ ಕಟ್ಟಿ ಓಡಿಸುವವರು ನಮ್ಮಲ್ಲಿ ಬಹಳ ಮಂದಿ. ಸ್ಟಿಕ್ಕರು ಮಾಲೀಕನದು, ಕೈ ಮಾತ್ರ ಇವನದು. ಕ್ಯಾಬುಗಳಲ್ಲೂ ಹೀಗೆಯೇ. ಹಳೆಯ ಕಾರು ಕೊಂಡವರಂತೂ ಹಿಂದಿನವರ ದೇವರು, ಹಿಂದಿನವರ ಪಕ್ಷ, ಹಿಂದಿನವರ ಮಕ್ಕಳ ಹೆಸರು ಎಲ್ಲವನ್ನೂ ಹೊತ್ತು ವರ್ಷಗಟ್ಟಲೆ ತಿರುಗುತ್ತಾರೆ. ಚಾಲಕನ ವಿಷಯ ನಿಜವಾಗಿ ತಿಳಿಸುವ ವಸ್ತು ಆಟೋದೊಳಗೇ ಇದೆ: ಸೀಟಿನ ಹಿಂದೆ ತೂಗುಹಾಕುವ, ಅವನ ಫೋಟೋ ಮತ್ತು ಹೆಸರಿರುವ ಡಿಸ್‌ಪ್ಲೇ ಕಾರ್ಡ್. ಅದನ್ನು ಎಷ್ಟು ಜನ ಓದುತ್ತೇವೆ?

ಈಗ ಸ್ವಲ್ಪ ಕಷ್ಟದ ಉದಾಹರಣೆಗೆ ಬರೋಣ. ಆ ಹುಬ್ಬು ಗಂಟಿಕ್ಕಿದ ಹನುಮಂತನ ಚಿತ್ರ ಬೆಂಗಳೂರಿನಲ್ಲಿ ಹುಟ್ಟಿದ್ದಲ್ಲ. ಕಾಸರಗೋಡು ಜಿಲ್ಲೆಯ ಕುಂಬಳೆಯ ಕಲಾವಿದ ಕರಣ್ ಆಚಾರ್ಯ ಅದನ್ನು 2015ರಲ್ಲಿ ಬರೆದರು. ಊರಿನ ಯುವಕರು ಗಣೇಶೋತ್ಸವದ ಬಾವುಟಕ್ಕೆ ಹೊಸದೊಂದು ಚಿತ್ರ ಬೇಕೆಂದು ಕೇಳಿದ್ದರಂತೆ. ಕಪ್ಪು ಮತ್ತು ಕೇಸರಿ, ಎರಡೇ ಬಣ್ಣ. ಕೆಲವೇ ಕಾಲದಲ್ಲಿ ಅದು ಬೆಂಗಳೂರಿನ ಕಾರು, ಬೈಕುಗಳ ಹಿಂಬದಿಯನ್ನೆಲ್ಲ ತುಂಬಿತು. ಜನ ಅದಕ್ಕೆ 'ಆಂಗ್ರಿ ಹನುಮಾನ್' ಎಂದು ಹೆಸರಿಟ್ಟರು. ಬರೆದವರು ಮಾತ್ರ ಅದು ಕೋಪವಲ್ಲ, ಗತ್ತು. ತಮ್ಮ ಹನುಮಂತ ಬಲಶಾಲಿಯೇ ಹೊರತು ದಬ್ಬಾಳಿಕೆಯವನಲ್ಲ ಎಂಬರ್ಥದ ಮಾತನ್ನೇ ಹೇಳುತ್ತ ಬಂದರು. 2018ರ ಮೇ ತಿಂಗಳಲ್ಲಿ ವಿಧಾನಸಭಾ ಚುನಾವಣೆಯ ಪ್ರಚಾರಕ್ಕೆ ಮಂಗಳೂರಿಗೆ ಬಂದ ಪ್ರಧಾನಿ ನರೇಂದ್ರ ಮೋದಿಯವರು ವೇದಿಕೆಯಿಂದಲೇ ಆ ಕಲಾವಿದರನ್ನು ಹೊಗಳಿದರು. ಅದೇ ವರ್ಷ, ಇಂಥ ಚಿತ್ರವಿರುವ ಕ್ಯಾಬನ್ನು ಹೆಣ್ಣುಮಕ್ಕಳು ಹತ್ತಬೇಕೋ ಬೇಡವೋ ಎಂಬ ಬಿಸಿ ಚರ್ಚೆಯೂ ನಡೆಯಿತು. ಕೆಲವರಿಗೆ ಆ ಮುಖದಲ್ಲಿ ಬೆದರಿಕೆ ಕಂಡಿತು. ಇನ್ನು ಕೆಲವರಿಗೆ, ಬೆದರಿಕೆ ಕಂಡವರ ಮಾತಿನಲ್ಲೇ ತಮ್ಮ ಭಕ್ತಿಯ ಅವಮಾನ ಕಂಡಿತು.

ನಮ್ಮ ಮನೆಗಳಲ್ಲೂ ಈ ಮಾತು ಬಂದಿದೆ. ಮುಚ್ಚುಮರೆ ಏಕೆ? ಮಂಗಳೂರು ಮತ್ತು ಸುತ್ತಮುತ್ತಲಿನ ನಮ್ಮ ಪ್ರಾರ್ಥನಾಲಯಗಳ ಮೇಲೆ 2008ರ ಸೆಪ್ಟೆಂಬರಿನಲ್ಲಿ ನಡೆದ ದಾಳಿಗಳನ್ನು ಮರೆಯದವರಿಗೆ ಕೇಸರಿ ಬಣ್ಣ ಕಂಡೊಡನೆ ಎದೆ ಝಲ್ಲೆನ್ನುವುದುಂಟು. ಆ ಭಯ ಸುಳ್ಳೆಂದು ನಾನು ಹೇಳಲಾರೆ. ಆದರೆ ಆ ದಾಳಿಗೂ ಏಳು ವರ್ಷಗಳ ಅನಂತರ ಬರೆದ ಈ ಚಿತ್ರಕ್ಕೂ ಏನು ಸಂಬಂಧ? ಈ ಚಿತ್ರಕ್ಕೂ ಇದನ್ನು ಅಂಟಿಸಿಕೊಂಡು ಕೆ.ಆರ್. ಪುರಂನಿಂದ ಶಿವಾಜಿನಗರಕ್ಕೆ ದಿನಕ್ಕೆ ಹತ್ತು ಬಾರಿ ಓಡಾಡುವ ಚಾಲಕನಿಗೂ ಏನು ಸಂಬಂಧ? ಅವನು ಶನಿವಾರ ತಪ್ಪದೆ ಆಂಜನೇಯನ ಗುಡಿಗೆ ಹೋಗುವವನಿರಬಹುದು. ಬರಿಯ ಚಿತ್ರದ ಅಂದಕ್ಕೆ ಮಾರುಹೋದವನಿರಬಹುದು. ರಾತ್ರಿ ಪಾಳಿಯಲ್ಲಿ ಹೈವೇ ಮೇಲೆ ಒಬ್ಬನೇ ಗಾಡಿ ಓಡಿಸುವವನು ಕಾಪಾಡಲಿ ಎಂದು ಅಂಟಿಸಿರಬಹುದು. ಕನ್ನಡಿಗೆ ನಾವು ಜಪಸರ ತೂಗುಹಾಕುವುದು ಬೇರೆ ಯಾವ ಕಾರಣಕ್ಕೆ? ಹೌದು, ಜಗಳಕ್ಕೆಂದೇ ಅಂಟಿಸಿದವನೂ ಇರಬಹುದು. ಯಾವ ಚಾಲಕ ಯಾವ ಗುಂಪಿಗೆ ಸೇರಿದವನೆಂದು ಗಾಜು ಹೇಳುವುದಿಲ್ಲ.

ಸಂತ ಅಗಸ್ಟೀನರು 'ಕ್ರೈಸ್ತ ಬೋಧನೆ'ಯ ಕುರಿತ ತಮ್ಮ ಗ್ರಂಥದಲ್ಲಿ ಚಿಹ್ನೆಗಳನ್ನು ಎರಡಾಗಿ ವಿಂಗಡಿಸುತ್ತಾರೆ. ಹೊಗೆ ಕಂಡರೆ ಬೆಂಕಿಯಿದೆ. ಹೆಜ್ಜೆ ಗುರುತು ಕಂಡರೆ ಪ್ರಾಣಿ ಹಾದುಹೋಗಿದೆ. ಇವು ಯಾರೂ ಉದ್ದೇಶಿಸದೆ ತಾವಾಗಿ ಸೂಚಿಸುವ ಸಹಜ ಚಿಹ್ನೆಗಳು. ಮಾತು, ಬಾವುಟ, ಸನ್ನೆ ಮುಂತಾದವು ಮನುಷ್ಯರು ಒಬ್ಬರಿಗೊಬ್ಬರು ಕೊಟ್ಟುಕೊಳ್ಳುವ ಚಿಹ್ನೆಗಳು. ಇವುಗಳ ಅರ್ಥ ಕೊಟ್ಟವನ ಮನಸ್ಸಿನಲ್ಲಿ ಮತ್ತು ಇಬ್ಬರ ನಡುವಿನ ಒಪ್ಪಂದದಲ್ಲಿ ಇರುತ್ತದೆ. ಸ್ಟಿಕ್ಕರು ಈ ಎರಡನೆಯ ಜಾತಿಗೆ ಸೇರಿದ್ದು. ನಾವು ಮಾತ್ರ ಅದನ್ನು ಹೊಗೆಯ ಹಾಗೆ ಓದುತ್ತೇವೆ. ಇಂಥ ಚಿತ್ರವಿದೆ, ಆದ್ದರಿಂದ ಇಂಥ ಬೆಂಕಿ ಒಳಗೆ ಇದ್ದೇ ತೀರಬೇಕು! ಸೆಮಿನರಿಯ ತರ್ಕಶಾಸ್ತ್ರದ ತರಗತಿಯಲ್ಲಿ ಹೀಗೆ ವಾದಿಸುವ ಹುಡುಗನಿಗೆ ಅಂಕ ಸಿಗುವುದಿಲ್ಲ. ರಸ್ತೆಯಲ್ಲಿ ಎಲ್ಲರಿಗೂ ಪೂರ್ಣಾಂಕ.

ಹೀಗೆ ಓದುವುದರಿಂದ ಏನಾಗಬಹುದೆಂಬುದಕ್ಕೆ 1969ರಲ್ಲಿ ಅಮೆರಿಕದ ಲಾಸ್ ಏಂಜಲೀಸಿನಲ್ಲಿ ನಡೆದ ಒಂದು ಪ್ರಯೋಗವನ್ನು ಹೇಳಬೇಕು. ಆಗ ಅಲ್ಲಿ 'ಬ್ಲ್ಯಾಕ್ ಪ್ಯಾಂಥರ್' ಎಂಬ ಕರಿಯ ಜನರ ಪಕ್ಷಕ್ಕೂ ಪೊಲೀಸರಿಗೂ ತೀವ್ರ ವೈಮನಸ್ಯವಿತ್ತು. ತಮ್ಮ ಕಾರಿಗೆ ಆ ಪಕ್ಷದ ಸ್ಟಿಕ್ಕರಿದ್ದರೆ ಪೊಲೀಸರು ಸುಮ್ಮಸುಮ್ಮನೆ ದಂಡ ಹಾಕುತ್ತಾರೆಂದು ಕೆಲವು ವಿದ್ಯಾರ್ಥಿಗಳು ದೂರಿದರು. ಅಲ್ಲಿನ ಕಾಲೇಜಿನ ಅಧ್ಯಾಪಕಿ ಫ್ರಾನ್ಸಿಸ್ ಹ್ಯೂಸೆನ್‌ಸ್ಟಾಮ್ ಇದನ್ನು ಪರೀಕ್ಷಿಸಲು ಹೊರಟರು. ಹಿಂದಿನ ಒಂದು ವರ್ಷದಲ್ಲಿ ಒಂದೂ ಸಂಚಾರ ಅಪರಾಧ ಮಾಡದ 15 ವಿದ್ಯಾರ್ಥಿಗಳನ್ನು ಆರಿಸಿದರು: ಐವರು ಕರಿಯರು, ಐವರು ಬಿಳಿಯರು, ಐವರು ಮೆಕ್ಸಿಕೋ ಮೂಲದವರು. ಎಲ್ಲರ ಕಾರಿಗೂ ಆ ಸ್ಟಿಕ್ಕರು ಅಂಟಿಸಲಾಯಿತು. 17 ದಿನಗಳಲ್ಲಿ ಅವರ ಮೇಲೆ 33 ದಂಡದ ಚೀಟಿಗಳು ಬಿದ್ದವು. ದಂಡ ಕಟ್ಟಲೆಂದು ಕೂಡಿಟ್ಟಿದ್ದ 500 ಡಾಲರ್ ಖಾಲಿಯಾಗಿ ಪ್ರಯೋಗವನ್ನೇ ನಿಲ್ಲಿಸಬೇಕಾಯಿತು. ಹದಿನೈದೇ ಜನರ ಪ್ರಯೋಗವೆಂಬುದೂ, ಸ್ಟಿಕ್ಕರು ಅಂಟಿಸಿಕೊಂಡ ಅಳುಕಿನಿಂದಲೇ ಅವರ ಚಾಲನೆ ಬದಲಾಗಿರಬಹುದೆಂಬುದೂ ನಿಜ. ಆದರೂ ಒಂದೇ ಒಂದು ಕಾಗದದ ಚೂರು ನೋಡುವವರ ಕಣ್ಣನ್ನು ಎಷ್ಟು ಬದಲಿಸಬಲ್ಲದೆಂದು ಊಹಿಸಲು ಇಷ್ಟು ಸಾಕು.

'ಹಾಗಾದರೆ ಫಾದರ್, ರಾತ್ರಿ ಹತ್ತು ಗಂಟೆಗೆ ಬಾಗ್ಮನೆ ಟೆಕ್ ಪಾರ್ಕಿನಿಂದ ಹೊರಡುವ ನಮ್ಮ ಮಗಳು ಕಂಡ ಕಂಡ ಕ್ಯಾಬು ಹತ್ತಬೇಕೇ?' ಎಂದು ನೀವು ಕೇಳುತ್ತೀರಿ. ಕೇಳಲೇಬೇಕಾದ ಪ್ರಶ್ನೆ. ಇದಕ್ಕೆ ಸಂತ ತೋಮಸ್ ಅಕ್ವಿನಾಸರು ಏಳು ಶತಮಾನಗಳಿಗೂ ಹಿಂದೆಯೇ ಸುಂದರವಾದ ಉತ್ತರ ಕೊಟ್ಟಿದ್ದಾರೆ. 'ಸುಮ್ಮಾ' ಗ್ರಂಥದ ಎರಡನೆಯ ಭಾಗದ ಎರಡನೆಯ ವಿಭಾಗದಲ್ಲಿ, ತೀರ್ಪಿನ ಕುರಿತ 60ನೆಯ ಪ್ರಶ್ನೆಯಲ್ಲಿ, ಅವರು ಎರಡು ಕೆಲಸಗಳನ್ನು ಬೇರ್ಪಡಿಸುತ್ತಾರೆ. ಅಪಾಯಕ್ಕೆ ಪರಿಹಾರ ಹುಡುಕುವಾಗ ಕೆಟ್ಟದ್ದೇ ಆಗಬಹುದೆಂದು ಎಣಿಸಿ ಎಚ್ಚರ ವಹಿಸುವುದು ಸರಿಯೇ. ಆದರೆ ಆ ಮನುಷ್ಯ ಕೆಟ್ಟವನೆಂದು ನಿರ್ಣಯಿಸುವುದು ಬೇರೆಯ ಮಾತು. ಸ್ಪಷ್ಟ ಆಧಾರವಿಲ್ಲದಿದ್ದರೆ ಅಲ್ಲಿ ಅನುಮಾನದ ಲಾಭ ಅವನಿಗೇ ಸಲ್ಲಬೇಕು. ಹೀಗೆ ಮಾಡಿದರೆ ನಾವು ಮೋಸಹೋಗುವುದಿಲ್ಲವೇ? ಹೋಗಬಹುದು ಎಂದೇ ಅವರು ಒಪ್ಪುತ್ತಾರೆ. ಕೆಟ್ಟವನನ್ನು ಒಳ್ಳೆಯವನೆಂದು ಭಾವಿಸಿ ಅನೇಕ ಸಲ ತಪ್ಪುವುದು, ಒಳ್ಳೆಯವನನ್ನು ಕೆಟ್ಟವನೆಂದು ಭಾವಿಸಿ ಒಮ್ಮೊಮ್ಮೆ ತಪ್ಪುವುದಕ್ಕಿಂತ ಮೇಲು. ಏಕೆಂದರೆ ಎರಡನೆಯದರಲ್ಲಿ ಒಬ್ಬ ಮನುಷ್ಯನಿಗೆ ಅನ್ಯಾಯವಾಗುತ್ತದೆ ಎಂಬುದು ಅವರ ವಾದ. ಅದೇ ಪ್ರಶ್ನೆಯಲ್ಲಿ, ಬಹುಕಾಲದ ಅನುಭವದಿಂದಾಗಿ ಮುದುಕರೇ ಹೆಚ್ಚು ಸಂಶಯಪಡುತ್ತಾರೆಂಬ ಅರಿಸ್ಟಾಟಲನ ಮಾತನ್ನೂ ಅವರು ನೆನೆಯುತ್ತಾರೆ. ನಲವತ್ತು ದಾಟಿದ ನಾನೂ ನೀವೂ ಅದನ್ನು ಗಮನಿಸಬಹುದು!

ಆದ್ದರಿಂದ ಮಗಳಿಗೆ ಹೇಳಿ: ಗಾಡಿಯ ನಂಬರು ಫೋನಿನಲ್ಲಿ ಬಂದ ನಂಬರಿಗೆ ಹೊಂದುತ್ತದೆಯೇ ನೋಡು, ಚಾಲಕನ ಮುಖ ಫೋಟೋಗೆ ಹೊಂದುತ್ತದೆಯೇ ನೋಡು, ಮನೆಗೆ ಲೊಕೇಷನ್ ಕಳಿಸು, ಮಾತು, ಓಡಿಸುವ ರೀತಿ ಸರಿಯಿಲ್ಲವೆನ್ನಿಸಿದರೆ ಜನರಿರುವ ಕಡೆ ಇಳಿದುಬಿಡು. ಮನಸ್ಸು ಒಪ್ಪದಿದ್ದರೆ ಹತ್ತಲೇಬೇಡ, ಯಾರಿಗೂ ಕಾರಣ ಕೊಡಬೇಕಾಗಿಲ್ಲ. ಇದೆಲ್ಲ ಎಚ್ಚರ. ಮರುದಿನ ಆಫೀಸಿನಲ್ಲಿ 'ಆ ಸ್ಟಿಕ್ಕರಿನವರೆಲ್ಲ ಹಾಗೆಯೇ' ಎಂದು ಸಾರುವುದು ತೀರ್ಪು. ಎಚ್ಚರಕ್ಕೆ ನೆರೆಯವನ ಮಾನ ಕಳೆಯಬೇಕಾದ ಅಗತ್ಯವಿಲ್ಲ. ಇನ್ನೊಂದನ್ನೂ ಗಮನಿಸಿ: ಸ್ಟಿಕ್ಕರನ್ನೇ ನಂಬುವವರು ಹನುಮಂತನನ್ನು ಕಂಡು ಹಿಂಜರಿದಷ್ಟೇ ಸುಲಭವಾಗಿ ಶಿಲುಬೆಯನ್ನು ಕಂಡು ನಿಶ್ಚಿಂತರಾಗುತ್ತಾರೆ. ಮೊದಲನೆಯದು ಅನ್ಯಾಯವಾದರೆ ಎರಡನೆಯದು ಅಪಾಯ.

ಸ್ಟಿಕ್ಕರೇ ಇಲ್ಲದಿದ್ದರೂ ಗಾಡಿ ತಾನೇ ಒಂದು ಚಿಹ್ನೆ. 1968ರಲ್ಲಿ ಡೂಬ್ ಮತ್ತು ಗ್ರಾಸ್ ಎಂಬ ಇಬ್ಬರು ಸಂಶೋಧಕರು ಪ್ರಕಟಿಸಿದ ಪ್ರಯೋಗದಲ್ಲಿ, ಹಸಿರು ದೀಪ ಬಂದರೂ ಕದಲದೆ ನಿಂತ ಹಳೆಯ ಕಾರಿನ ಹಿಂದಿದ್ದವರಲ್ಲಿ ನೂರಕ್ಕೆ 84 ಮಂದಿ ಹಾರ್ನ್ ಹೊಡೆದರು. ಹಾಗೆಯೇ ನಿಂತ ಹೊಳೆಯುವ ದುಬಾರಿ ಕಾರಿಗೆ ಹೊಡೆದವರು 50 ಮಂದಿ. ಸಂತ ಯಕೋಬರು ತಮ್ಮ ಪತ್ರದ ಎರಡನೆಯ ಅಧ್ಯಾಯದಲ್ಲಿ, ಚಿನ್ನದುಂಗುರ ತೊಟ್ಟು ಬಂದವನಿಗೆ ಒಳ್ಳೆಯ ಆಸನ, ಹರಕುಬಟ್ಟೆಯವನಿಗೆ ಕಾಲಬಳಿಯ ಜಾಗ ಎಂದು ವಿಂಗಡಿಸುವವರನ್ನು ಕಟುವಾಗಿ ಗದರಿಸುತ್ತಾರೆ. ನಮ್ಮ ಅಪಾರ್ಟ್‌ಮೆಂಟುಗಳ ಗೇಟಿಗೆ ಬನ್ನಿ. ಗಾಜಿನ ಮೇಲೆ ಸೊಸೈಟಿಯ ಸ್ಟಿಕ್ಕರಿದ್ದರೆ ಸಲ್ಯೂಟು. ಊಟದ ಡಬ್ಬಿ ತಂದ ಹುಡುಗನಿಗೆ ಹೆಸರು, ನಂಬರು, ಸಹಿ, ಕಾಯುವಿಕೆ. ಕಾವಲುಗಾರನನ್ನು ಬೈಯಬೇಡಿ, ಅವನಿಗೆ ಹಾಗೆ ಮಾಡಲು ಹೇಳಿದವರು ನಾವೇ.

ಇಲ್ಲಿಯವರೆಗೆ ಓದುವವರ ವಿಷಯವಾಯಿತು. ಅಂಟಿಸುವವರು? ಮತ್ತಾಯನ ಶುಭಸಂದೇಶದ 23ನೆಯ ಅಧ್ಯಾಯದಲ್ಲಿ ಪ್ರಭು ಯೇಸು, ಜನರು ನೋಡಲೆಂದೇ ತಮ್ಮ ಜ್ಞಾಪಕಪಟ್ಟಿಗಳನ್ನು ಅಗಲ ಮಾಡಿಕೊಳ್ಳುವವರನ್ನು ಟೀಕಿಸುತ್ತಾರೆ. ಆ ಪಟ್ಟಿಗಳಲ್ಲಿ ಇದ್ದದ್ದು ದೇವರ ವಾಕ್ಯವೇ. ತಪ್ಪು ವಾಕ್ಯದ್ದಲ್ಲ, ಅಗಲದ್ದು. 2008ರಲ್ಲಿ ಅಮೆರಿಕದ ಕೊಲೊರಾಡೋ ರಾಜ್ಯ ವಿಶ್ವವಿದ್ಯಾಲಯದ ವಿಲಿಯಂ ಸ್ಲೆಮ್ಕೊ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನಕ್ಕೂ ಇದಕ್ಕೂ ವಿಚಿತ್ರವಾದ ಹೋಲಿಕೆಯಿದೆ. ಕಾರಿಗೆ ಹೆಚ್ಚು ಹೆಚ್ಚು ಗುರುತುಗಳನ್ನು ಅಂಟಿಸಿಕೊಂಡವರು ರಸ್ತೆಯಲ್ಲಿ ಸಿಟ್ಟು ತೋರಿಸುವ ಸಂಭವವೂ ಹೆಚ್ಚು. ಬರಹ ಶಾಂತಿಯದೋ ಜಗಳದ್ದೋ ಎಂಬುದರಿಂದ ವ್ಯತ್ಯಾಸವಾಗಲಿಲ್ಲ, ಲೆಕ್ಕಕ್ಕೆ ಬಂದದ್ದು ಸಂಖ್ಯೆ. ಕಾರನ್ನು ತನ್ನ ಮನೆಯಂಗಳದಂತೆ ಗುರುತು ಮಾಡಿಕೊಂಡವನಿಗೆ ಸುತ್ತಲಿನ ರಸ್ತೆಯೂ ತನ್ನದೇ ಅನ್ನಿಸುತ್ತದೆ ಎಂಬುದು ಅವರ ವಿವರಣೆ. ಇದನ್ನು ಓದಿ ನಾಳೆಯಿಂದ ಸ್ಟಿಕ್ಕರು ಎಣಿಸಲು ಹೊರಡಬೇಡಿ. ನೂರಾರು ಜನರ ಸರಾಸರಿಯಿಂದ ಮುಂದಿರುವ ಒಬ್ಬನ ಗುಣಕ್ಕೆ ಜಿಗಿಯುವುದು ಮತ್ತದೇ ದುಡುಕು. ಎಣಿಸಬೇಕಿದ್ದರೆ ನಮ್ಮ ಗಾಡಿಯದನ್ನು ಎಣಿಸೋಣ.

ಅಧಿಕಾರದ ಸ್ಟಿಕ್ಕರುಗಳ ಬಗ್ಗೆ ನನ್ನ ಅಭಿಪ್ರಾಯ ಇನ್ನೂ ಕಠಿಣ. ಸಂಬಂಧಿಕರಲ್ಲಿ ಒಬ್ಬರು ಪೊಲೀಸಿನಲ್ಲಿದ್ದರೆ ಮೂರು ಗಾಡಿಗೆ 'ಪೊಲೀಸ್'. ಎಂದೋ ಒಂದು ಪತ್ರಿಕೆಗೆ ಬರೆದವರ ಬೈಕಿಗೆ 'ಪ್ರೆಸ್'. ಇದು ಬರಿಯ ಒಣಜಂಬವಲ್ಲ, ಸುಳ್ಳು. ಎಂಟನೆಯ ಕಟ್ಟಳೆ ಇಲ್ಲಿ ನೇರವಾಗಿಯೇ ಮುರಿಯುತ್ತದೆ. ಚೆನ್ನೈನ ಸಂಚಾರ ಪೊಲೀಸರು 2024ರ ಮೇ 2ರಿಂದ ಇಂಥ ಅನಧಿಕೃತ ಸ್ಟಿಕ್ಕರುಗಳಿಗೆ ದಂಡ ಹಾಕುವುದಾಗಿ ಪ್ರಕಟಿಸಿದರು. ದೇಶದಲ್ಲಿ ಮಂತ್ರಿಗಳ ಕಾರಿನ ಕೆಂಪು ದೀಪವೇ 2017ರ ಮೇ 1ರಿಂದ ಹೋಯಿತು. ಗಾಜಿಗೆ ಕಪ್ಪು ಫಿಲಂ ಅಂಟಿಸುವುದನ್ನು ಸುಪ್ರೀಂ ಕೋರ್ಟು 2012ರ ಏಪ್ರಿಲ್ 27ರ ತೀರ್ಪಿನಲ್ಲಿ ನಿಷೇಧಿಸಿತು. ಇನ್ನು ವೈದ್ಯರ ಕಾರಿನ ಬಿಳಿ ನೆಲದ ಕೆಂಪು ಶಿಲುಬೆ. ಅದು ರೆಡ್ ಕ್ರಾಸ್ ಸಂಸ್ಥೆಯ ಮತ್ತು ಸೇನಾ ವೈದ್ಯಕೀಯ ಸೇವೆಯ ರಕ್ಷಣಾ ಚಿಹ್ನೆ. ಅನುಮತಿಯಿಲ್ಲದೆ ಬಳಸುವುದನ್ನು 1960ರ ಜಿನೀವಾ ಒಪ್ಪಂದಗಳ ಕಾಯಿದೆ ತಡೆಯುತ್ತದೆ. ನಮ್ಮ ಧರ್ಮಕೇಂದ್ರಗಳ ವೈದ್ಯ ಮಿತ್ರರು ಇದನ್ನು ಗಮನಿಸಬೇಕೆಂದು ಕೋರುತ್ತೇನೆ.

2007ರ ಜೂನ್ 19ರಂದು ವಲಸಿಗರ ಹಾಗೂ ಸಂಚಾರಿಗಳ ಪಾಲನೆಗಾಗಿದ್ದ ವ್ಯಾಟಿಕನ್ನಿನ ಮಂಡಳಿಯು ರಸ್ತೆಯ ಪಾಲನಾ ಸೇವೆಯ ಕುರಿತು ಒಂದು ಮಾರ್ಗದರ್ಶಿಯನ್ನು ಹೊರತಂದಿತು. ಅದರಲ್ಲಿ 'ಚಾಲಕರ ಹತ್ತು ಕಟ್ಟಳೆಗಳು' ಇವೆ. ಐದನೆಯದು ವಾಹನವು ಅಧಿಕಾರದ, ದಬ್ಬಾಳಿಕೆಯ ಪ್ರದರ್ಶನವಾಗಬಾರದೆನ್ನುತ್ತದೆ. ಹೊರಡುವ ಮೊದಲು ಶಿಲುಬೆಯ ಗುರುತು ಹಾಕಿಕೊಳ್ಳುವುದನ್ನೂ ದಾರಿಯಲ್ಲಿ ಜಪಸರ ಪ್ರಾರ್ಥಿಸುವುದನ್ನೂ ಅದು ಮೆಚ್ಚುತ್ತದೆ. ಎರಡೂ ಗಾಜಿಗೆ ಅಂಟದ ಗುರುತುಗಳು.

ಹಾಗೆಂದು ಶಿವಾಜಿನಗರದ ಆರೋಗ್ಯ ಮಾತೆಯ ಚಿತ್ರವನ್ನೋ ವಿವೇಕನಗರದ ಬಾಲಯೇಸುವಿನ ಚಿತ್ರವನ್ನೋ ಕಿತ್ತುಹಾಕಿ ಎಂದು ನಾನು ಹೇಳುತ್ತಿಲ್ಲ. ಅದು ಭಕ್ತಿ, ಒಳ್ಳೆಯದೇ. ಆದರೆ ಅದರ ಬೆಲೆ ತಿಳಿದಿರಲಿ. ಸೆಪ್ಟೆಂಬರ್ 8ರ ಹಬ್ಬದ ಸಂಜೆ ಅಡ್ಡಾದಿಡ್ಡಿ ಗಾಡಿ ನಿಲ್ಲಿಸಿ ಅಂಗಡಿಯವನ ಬಾಗಿಲು ಕಟ್ಟಿದರೆ ಅವನು ನಿಮ್ಮ ಹೆಸರು ಹಿಡಿದು ಬೈಯುವುದಿಲ್ಲ. ಹಿಂಬದಿ ಗಾಜು ನೋಡಿ 'ಈ ಚರ್ಚಿನವರು' ಎನ್ನುತ್ತಾನೆ. ಒಬ್ಬರ ತಪ್ಪಿಗೆ ಎಲ್ಲರನ್ನೂ ಬೈಯುವುದು ಅನ್ಯಾಯವೇ. ಮೇಲೆ ಹೇಳಿದ್ದೆಲ್ಲ ಅವನಿಗೂ ಅನ್ವಯಿಸುತ್ತದೆ. ಆದರೆ ಅವನು ಈ ಲೇಖನ ಓದುವುದಿಲ್ಲ, ನೀವು ಓದುತ್ತಿದ್ದೀರಿ.

ಮುಂದಿನ ಭಾನುವಾರ ಪೂಜೆಗೆ ಹೋಗುವಾಗ ಮಕ್ಕಳೊಂದಿಗೆ ಒಂದು ಆಟ ಆಡಿ ನೋಡಿ. ಮುಂದಿನ ಗಾಡಿಯ ಸ್ಟಿಕ್ಕರು ಏನು ಹೇಳುತ್ತದೆಂದು ಒಬ್ಬರು ಹೇಳಲಿ. ಆ ಚಾಲಕನ ವಿಷಯದಲ್ಲಿ ನಮಗೆ ತಿಳಿಯದ ಮೂರು ಸಂಗತಿಗಳನ್ನು ಇನ್ನೊಬ್ಬರು ಹೇಳಲಿ. ಮಕ್ಕಳು ಇದರಲ್ಲಿ ನಮಗಿಂತ ಜಾಣರು.

ಕೊನೆಗೆ, ಹಲವರು ಕೇಳುವ ಒಂದು ಪ್ರಶ್ನೆ: ಕಾರು ಮಾರುವಾಗ ಪವಿತ್ರ ಚಿತ್ರಗಳನ್ನು ಏನು ಮಾಡಬೇಕು? ಜಪಸರವನ್ನು ಮನೆಗೆ ತನ್ನಿ. (ಅದು ಕನ್ನಡಿಯಿಂದ ತೂಗಾಡುತ್ತ ಕಣ್ಣಿಗೆ ಅಡ್ಡವಾಗುತ್ತಿದ್ದರೆ ಇಂದೇ ತೆಗೆದು ಜೇಬಿನಲ್ಲಿ ಇಟ್ಟುಕೊಳ್ಳಿ.) ಸ್ಟಿಕ್ಕರಿಗೆ ಕೂದಲು ಒಣಗಿಸುವ ಯಂತ್ರದ ಬಿಸಿಗಾಳಿ ಹಿಡಿದರೆ ಅಂಟು ಸಡಿಲವಾಗುತ್ತದೆ, ಉಳಿದ ಜಿಗುಟನ್ನು ಕೊಬ್ಬರಿ ಎಣ್ಣೆ ತೆಗೆಯುತ್ತದೆ. ಹಿಂಬದಿ ಗಾಜಿನ ಒಳಗೆ ಮಂಜು ಕರಗಿಸುವ ತಂತಿಗಳಿದ್ದರೆ ಬ್ಲೇಡು ಹಾಕಬೇಡಿ. ಆಶೀರ್ವದಿಸಿದ ಕಾಗದದ ಚಿತ್ರಗಳನ್ನು ಸುಡುವುದು ಅಥವಾ ಹೂಳುವುದು ನಮ್ಮ ಪದ್ಧತಿ. ಪ್ಲಾಸ್ಟಿಕ್ಕಿನದಾದರೆ ಸುಡುವುದು ಬೇಡ. ಚಿತ್ರವೆಂದು ಗುರುತು ಸಿಗದಂತೆ ಚೂರು ಚೂರಾಗಿ ಕತ್ತರಿಸಿದರೆ ಸಾಕು.